ಅತ್ತೆಯ ಅಡಿಗೆಮನೆಗೆ ಎಣ್ಣೆ ಬಣ್ಣ

ನಿಪ್ಪಾಣಿಯ ನನ್ನ ತವರಿನಲ್ಲಿ ಅಡಿಗೆಮನೆಯ ಗೋಡೆಗೆ ಮೈ ತಾಗಿದರೆ ಏನೂ ಆಗುತ್ತಿರಲಿಲ್ಲ. ಬೇಡಕಿಹಾಳದ ಗಂಡನ ಮನೆಯಲ್ಲಿ ತಾಗಿದರೆ ಸೀರೆ ಅರ್ಧ ಬೆಳ್ಳಗೆ, ಅರ್ಧ ಕರ್ರಗೆ ಆಗುತ್ತಿತ್ತು. ಗೋಡೆಗೆ ಸುಣ್ಣ, ಸುಣ್ಣದ ಮೇಲೆ ಹೊಗೆ. ಎಂಬತ್ತರ ದಶಕದ ನಡುವೆ ನಾನು ಮದುವೆಯಾಗಿ ಬಂದಾಗ ಒಲೆಗೆ ಹತ್ತಿಕಟ್ಟಿಗೆಯ ಜೊತೆ ಕಬ್ಬಿನ ಒಣ ಎಲೆ, ಅಂದರೆ ರವದಿಯನ್ನೂ ತುರುಕುತ್ತಿದ್ದರು. ರವದಿ ಭಗ್ಗನೆ ಹತ್ತಿ ಭಗ್ಗನೆ ಆರುತ್ತಿತ್ತು, ಹೊಗೆ ಮಾತ್ರ ಮಧ್ಯಾಹ್ನದತನಕ ಮನೆಯಲ್ಲೇ ಇರುತ್ತಿತ್ತು. ಮೊದಲ ವಾರವೇ ಗಂಡನ ಮುಂದೆ ಮುಖ ಊದಿಸಿಕೊಂಡು ಕೂತೆ.

"ಏನಾತು?" ಅಂದರು.

"ನಿಮ್ಮ ಗೋಡಿ ನನ್ನ ಸೀರಿ ಉಟಗೊಂಡೈತಿ" ಅಂದೆ.

ಒಳಗಿಂದ ಅತ್ತೆ ನಕ್ಕಿದ್ದು ಕೇಳಿಸಿತು. ಆದರೆ ಆ ಗೋಡೆಯ ಮಾತು ಬಂದಾಗ ಅವರು ನಕ್ಕದ್ದು ಅದೊಂದೇ ಸಲ. ನನಗೆ ಗೋಡೆಯ ಮೇಲೆ ಸಿಟ್ಟಿದ್ದರೆ ಅವರಿಗೆ ಅಂಜಿಕೆಯಿತ್ತು. ಯಾಕೆ ಅನ್ನುವುದನ್ನು ನನಗೆ ಹೇಳಿದವರು ಪಕ್ಕದ ಮನೆಯ ಮುದುಕಿ.

ನಮ್ಮ ಜೈನ ಮುನಿಗಳು ಮಳೆಗಾಲದ ನಾಲ್ಕು ತಿಂಗಳು ಒಂದೇ ಊರಲ್ಲಿ ನಿಲ್ಲುತ್ತಾರೆ. ದಿನಕ್ಕೆ ಒಂದೇ ಹೊತ್ತು, ನಿಂತುಕೊಂಡು, ಬೊಗಸೆಯಲ್ಲಿ ಆಹಾರ. ನೀರೂ ಆ ಹೊತ್ತಿಗೇ. ಓಣಿಯಲ್ಲಿ ಎಲ್ಲರೂ ಮಡಿಯುಟ್ಟು, ಕೈಯಲ್ಲಿ ಕಲಶ ಹಿಡಿದು ಬಾಗಿಲಲ್ಲಿ ನಿಂತು "ನಮೋಸ್ತು, ನಮೋಸ್ತು" ಎಂದು ಕರೆಯುತ್ತಾರೆ. ಮುನಿಗಳು ಯಾರ ಬಾಗಿಲಲ್ಲಿ ನಿಲ್ಲುತ್ತಾರೋ ಆ ಮನೆಯ ಭಾಗ್ಯ. ಉಣ್ಣುವಾಗ ಬೊಗಸೆಯಲ್ಲಿ ಒಂದು ಕೂದಲೋ ಹುಳವೋ ಕಂಡರೆ ಅಂತರಾಯ. ಅಲ್ಲಿಗೆ ಊಟ ಮುಗಿಯಿತು, ಮರುದಿನದವರೆಗೆ ಹನಿ ನೀರೂ ಇಲ್ಲ.

ನನ್ನ ಮದುವೆಗೆ ಕೆಲವು ವರ್ಷ ಮೊದಲು, ಮಳೆಗಾಲ ಕಳೆಯಲು ಊರಿಗೆ ಬಂದ ದಿನವೇ ಒಬ್ಬ ಮುನಿಗಳು ನಮ್ಮ ಅತ್ತೆಯ ಬಾಗಿಲಲ್ಲಿ ನಿಂತರಂತೆ. ಅಡಿಗೆಮನೆಯಲ್ಲಿ ಅವರು ನಿಂತು ಉಣ್ಣುವ ಜಾಗದ ಮೇಲೆ ಅತ್ತೆ ಬಿಳಿ ಬಟ್ಟೆಯ ಮೇಲ್ಕಟ್ಟು ಕಟ್ಟಿಸಿದ್ದರು, ಮಾಡಿನಿಂದ ಏನೂ ಬೀಳಬಾರದೆಂದು. ಬಿದ್ದದ್ದು ಗೋಡೆಯಿಂದ. ಎರಡು ತುತ್ತು ಆಗಿತ್ತಷ್ಟೆ, ಸುಣ್ಣದ ಚಕ್ಕೆಯೊಂದು ಕಳಚಿತು, ಅದಕ್ಕೆ ಜೋತಿದ್ದ ಕರಿಯ ಎಳೆ ಬೊಗಸೆಗೆ ಬಂತು. ಅದು ಕೂದಲೋ, ಬರೀ ಹೊಗೆಯ ಎಳೆಯೋ ಎಂದು ನೋಡುವಷ್ಟರಲ್ಲಿ ಅವರು ಬೊಗಸೆ ಬಿಟ್ಟಿದ್ದರು. ಆಮೇಲೆ ಅತ್ತೆ ಕಲಶ ಹಿಡಿದು ಬಾಗಿಲಿಗೆ ನಿಲ್ಲಲೇ ಇಲ್ಲ. ಚಾತುರ್ಮಾಸ ಬಂದರೆ ಆಹಾರ ನೀಡಲು ಮಾವನನ್ನು ಅವರ ತಮ್ಮಂದಿರ ಮನೆಗೆ ಕಳಿಸಿ, ತಾವು ಕದ ಹಾಕಿಕೊಂಡು ಒಳಗೆ ಕೂಡುತ್ತಿದ್ದರು.

ಮುಂದಿನ ಮಳೆಗಾಲಕ್ಕೆ ನಮ್ಮೂರಿಗೆ ಮುನಿಗಳು ಬರುವುದು ನಿಶ್ಚಯವಾಯಿತೆಂದು ಗೊತ್ತಾದ ದಿನ ಅತ್ತೆ ರೊಟ್ಟಿ ತಟ್ಟುತ್ತ, ನನ್ನ ಮುಖ ನೋಡದೆ ಕೇಳಿದರು: "ನಿಮ್ಮ ತವರಮನಿ ಗೋಡಿಗೆ ಏನ ಹಚ್ಯಾರ ಬೇ? ಅದು ಉದರೂದಿಲ್ಲಲ್ಲ?"

"ಉದರೂದಿಲ್ರಿ" ಅಂದೆ.

ಗಂಡ ಡಿಸ್ಟೆಂಪರ್ ಹಚ್ಚೋಣ ಅಂದರು. ನಿಪ್ಪಾಣಿಯ ಅಂಗಡಿಯಲ್ಲಿ ಅತ್ತೆ ಅದರಲ್ಲಿ ಏನೇನು ಹಾಕಿರುತ್ತಾರೆಂದು ಕೇಳಿದರು. ಅಂಗಡಿಯವ ಹೆಮ್ಮೆಯಿಂದ, "ಹಿಡಿಯಾಕ ಸರೇಸ ಇರತೈತ್ರಿ" ಅಂದ. ಸರೇಸು ಅಂದರೆ ಬಡಿಗರ ಅಂಟು, ಎಲುಬು ತೊಗಲು ಕುದಿಸಿ ಮಾಡುವಂಥದು. ಅತ್ತೆ ಸೆರಗು ಮೂಗಿಗೆ ಹಿಡಿದು ಕಟ್ಟೆಯಿಂದ ಇಳಿದೇಬಿಟ್ಟರು. ಕೊನೆಗೆ ಉಳಿದದ್ದು ಎಣ್ಣೆ ಬಣ್ಣ. ಅದು ಅಗಸೆ ಎಣ್ಣೆಯದು ಎಂದಾಗ ಡಬ್ಬಿಯ ಮುಚ್ಚಳ ತೆಗೆಸಿ ಮೂಸಿ ನೋಡಿದರು. ಜೀವಮಾನವೆಲ್ಲ ಅಗಸೆ ಚಟ್ನಿ ಕುಟ್ಟಿದವರ ಮೂಗು. "ಹೌದು, ಅಗಸೀನ" ಅಂದರು. ಅಂಗಡಿಯವನಿಗೆ ಪಾಸಾದಷ್ಟು ಖುಷಿಯಾಯಿತು.

ಅಷ್ಟಕ್ಕೇ ಬಿಡಲಿಲ್ಲ. ಪಿಸ್ತಾ ಬಣ್ಣವನ್ನು ಒಂದು ತಗಡಿನ ಮುಚ್ಚಳಕ್ಕೆ ಹಚ್ಚಿಸಿ, ಒಣಗಿದ ಮೇಲೆ ಒಲೆಯ ಮೇಲೆ ಮೊಳೆಗೆ ತೂಗುಹಾಕಿದರು. ದಿನಾ ಅದಕ್ಕೆ ಒಗ್ಗರಣೆ ಸಿಡಿಸುವುದು, ಅರಿಶಿನ ಮೆತ್ತುವುದು, ಬೂದಿ ಹಚ್ಚಿ ತಿಕ್ಕುವುದು. ಸೊಸೆಯನ್ನು ಆರಿಸುವಾಗಲೂ ಇಷ್ಟು ಪರೀಕ್ಷೆ ಮಾಡಿರಲಿಲ್ಲ ಎಂದು ನಾನು ಚುಚ್ಚಿದೆ. "ಸೊಸಿ ಉದರೂದಿಲ್ಲಲ್ಲ" ಅಂದರು.

ಮುಚ್ಚಳ ಗೆದ್ದಿತು. ವೈಶಾಖದ ಬಿಸಿಲಲ್ಲಿ ನಾವಿಬ್ಬರೂ ಗೋಡೆ ಹೆರೆಯಲು ಕೂತೆವು. ಹಳೆ ಸುಣ್ಣದ ಮೇಲೆ ಎಣ್ಣೆ ಬಣ್ಣ ನಿಲ್ಲುವುದಿಲ್ಲ. ಹೆರೆದಂತೆಲ್ಲ ಒಳಗಿನ ವರ್ಷಗಳು ಹೊರಬಂದವು: ನೀಲಿ ಹೆಚ್ಚಾದ ಒಂದು ಪದರ, ನಾದಿನಿಯ ಮದುವೆಗೆಂದು ಗುಲಾಬಿ ಬೆರೆಸಿದ್ದು ಒಂದು, ಅದರ ಹಿಂದೆ ಹಳದಿ. ಪ್ರತಿ ಪದರಕ್ಕೂ ಅತ್ತೆಯ ಹತ್ತಿರ ಒಂದು ಕತೆ. ಮೂಗಿನ ತುದಿವರೆಗೂ ಸುಣ್ಣ ಮೆತ್ತಿಕೊಂಡು, ಚಹಾ ಕುಡಿಯಲೂ ಮರೆತು ಮಾತಾಡಿದೆವು. ಅಂಥ ಮಧ್ಯಾಹ್ನಗಳು ನನಗೆ ಆಮೇಲೆ ಸಿಗಲಿಲ್ಲ. ಈಗಲೂ ಆ ಮಧ್ಯಾಹ್ನಗಳಿಗಾಗಿ ಜೀವ ಎಳೆಯುತ್ತದೆ.

ಬಣ್ಣ ಹಚ್ಚಲು ಬಂದವನು ಎತ್ತಿನಗಾಡಿಗೆ, ಅಂಗಡಿ ಬೋರ್ಡಿಗೆ ಬಣ್ಣ ಬಳಿಯುವವ. ಮಧ್ಯಾಹ್ನಕ್ಕೆ ಒಂದು ಗೋಡೆ ಮುಗಿಸಿ ಕೈ ತೊಳೆಯಲು ಹೋದ. ನಾನು ಹತ್ತಿರ ಹೋಗಿ ನೋಡಿದರೆ, ಮಿರಮಿರನೆ ಹೊಳೆಯುವ ಹಸಿ ಬಣ್ಣದಲ್ಲಿ ಒಂದು ಬಿರುಸು ಕೂದಲು ಅಂಟಿಕೊಂಡಿತ್ತು. ಪಕ್ಕದಲ್ಲಿ ಇನ್ನೊಂದು. ಸರೇಸು ಕೇಳಿದೆವು, ಎಣ್ಣೆ ಮೂಸಿದೆವು, ಬ್ರಷ್ ಕಡೆ ಯಾರೂ ನೋಡಿರಲಿಲ್ಲ. ಅತ್ತೆ ಬಂದು ಅದನ್ನು ಕಂಡರು.

"ಇದು ಯಾತರ ಕೂದಲ್ರಿ?" ಎಂದು ಪೇಂಟರನನ್ನು ಕೇಳಿದರು.

"ಬ್ರಷಿಂದು ಕಾಕು."

"ಬ್ರಷಿಗೆ ಯಾತರದು?"

"ಆತ ಬಿಡ್ರಿ ಕಾಕು, ಕೂದಲಾ ಅಂದ್ರ ಕೂದಲಾ. ಯಾಕ ಅದರ ಕುಲಾಗೋತ್ರಾ ಕೇಳ್ತೀರಿ?"

ನನ್ನ ಗಂಡನಿಗೆ ಬಾಯಿ ಮುಚ್ಚಿಕೊಂಡು ಇರಲು ಎಂದೂ ಬರಲಿಲ್ಲ. "ಹಂದೀದ ಇರತೈತಿ" ಅಂದುಬಿಟ್ಟರು.

ಅತ್ತೆ ಹೊಸ್ತಿಲ ಮೇಲೆ ಕುಸಿದು ಕೂತರು. "ನನ್ನ ಹಣೇಬರಹದಾಗ ಇಲ್ಲ ಬಿಡು" ಅಂದರು. ಗಂಡನ ಮೇಲೆ ನನಗೆ ಬಂದ ಸಿಟ್ಟಿಗೆ ಆ ಡಬ್ಬಿಯನ್ನು ಅವರ ತಲೆಯ ಮೇಲೆ ಸುರಿಯಬೇಕೆನಿಸಿತು.

ಹಿತ್ತಿಲಲ್ಲಿ ನಾನು ಬೆಳಿಗ್ಗೆ ಸಾರಿಸಿದ್ದ ನೆಲ ಒಣಗಿತ್ತು. ಅದನ್ನು ನೋಡುತ್ತ ಕೂತಿದ್ದ ಅತ್ತೆ ಫಕ್ಕನೆ ಎದ್ದು, "ನೆಲಾ ಸಾರಸಾಕ ಬ್ರಷ್ ಬೇಕೇನ?" ಅಂದರು. ಮಾವನ ಹಳೆ ಧೋತರ ಹರಿದು ಮುದ್ದೆ ಕಟ್ಟಿದರು. ಪೇಂಟರನಿಗೆ ಚಹಾ ಕೊಟ್ಟು ಕಳಿಸಿದರು. ಅವನು ಹಚ್ಚಿದ್ದನ್ನೆಲ್ಲ ಮತ್ತೆ ಹೆರೆದು, ಹೊಸ ಡಬ್ಬಿ ತರಿಸಿ, ಅರಿವೆ ಅದ್ದಿ ಅದ್ದಿ ನಾವೇ ಸಾರಿಸಿದೆವು. ಸೆಗಣಿ ಸಾರಿಸುವ ಕೈಗೆ ಬೇರೆ ಏನು ಗೊತ್ತು? ಗೋಡೆಯ ತುಂಬ ಅರ್ಧಚಂದ್ರ ಅರ್ಧಚಂದ್ರ ಮೂಡಿತು. ಕೈಗಳೋ, ಸೀಮೆಎಣ್ಣೆ ಹಾಕಿ ಉಜ್ಜಿದರೂ ವಾರಗಟ್ಟಲೆ ಹಸಿರಾಗೇ ಇದ್ದವು. ನೋಡಲು ಬಂದ ನನ್ನ ತಂಗಿ ಇದೇನು ಡಿಸೈನ್ ಎಂದು ಕೇಳಿದಳು. ಕೊಲ್ಹಾಪುರದ ಫ್ಯಾಷನ್ ಅಂದೆ. ನಂಬಿ ಹೋದಳು.

ಆಷಾಢ ಬಂತು, ಮುನಿಗಳೂ ಬಂದರು. ಅತ್ತೆ ಒದ್ದೆ ಕೂದಲು ಬಿಗಿದು ಕಟ್ಟಿ, ಮಾವನ ಪಕ್ಕದಲ್ಲಿ ಕಲಶ ಹಿಡಿದು ಬಾಗಿಲಿಗೆ ನಿಂತರು. ಓಣಿಯವರೆಲ್ಲ ತಿರುಗಿ ನೋಡಿದರು. ಮುನಿಗಳು ಮುಂದೆ ಹೋದರು. ಮರುದಿನವೂ ಹೋದರು. ಶ್ರಾವಣ ಅರ್ಧ ಕಳೆಯಿತು. ಪ್ರತಿ ದಿನ ಅತ್ತೆ ಒಳಗೆ ಬಂದು ಗೋಡೆ ಒರೆಸಿ, ಮಾಡಿದ ಅಡಿಗೆಯನ್ನು ನಮಗೆ ಬಡಿಸುತ್ತಿದ್ದರು. ಆಹಾರಕ್ಕೆ ಹೊರಟ ಗುರುತಾಗಿ ಬಲಗೈ ಬೆರಳು ಭುಜಕ್ಕೆ ಮುಟ್ಟಿಸಿಕೊಂಡು ಬರುತ್ತಿದ್ದ ಆ ಮುನಿಗಳು ಒಂದು ಜಿಟಿಜಿಟಿ ಮಳೆಯ ದಿನ ನಮ್ಮ ಬಾಗಿಲು ದಾಟಿ ಹೋಗಿ, ತಿರುಗಿ ಬಂದು ನಿಂತರು.

ಅತ್ತೆಯೇ ತುತ್ತು ಹಾಕಿದರು. ನಾನು ಗೋಡೆಯನ್ನೇ ನೋಡುತ್ತಿದ್ದೆ. ಏನೂ ಉದುರಲಿಲ್ಲ. ಹಾಲು, ಅನ್ನ, ರೊಟ್ಟಿ, ಕೊನೆಗೆ ನೀರು. ಮುನಿಗಳು ಕೈ ತೊಳೆದು, ನವಿಲುಗರಿಯ ಪಿಂಛಿ ಎತ್ತಿ ಹರಸಿ ಹೊರಟರು. ಓಣಿಯ ಹೆಂಗಸರು ಮುತ್ತಿಕೊಂಡು ಅತ್ತೆಗೆ ಪುಣ್ಯವಂತಿ ಅಂದರು, ಹಿಂದಿನ ಪಾಪ ತೊಳೀತು ಅಂದರು. ನಾನೂ ಹಾಗೇ ತಿಳಿದಿದ್ದೆ.

ಎಲ್ಲರೂ ಹೋದ ಮೇಲೆ ನೋಡಿದರೆ ಅತ್ತೆ ಅಡಿಗೆಮನೆಯಲ್ಲಿ ಗೋಡೆಗೆ ಬೆನ್ನು ಹಚ್ಚಿ ಕೂತು ಬಿಕ್ಕುತ್ತಿದ್ದರು.

"ಇನ್ನ ಯಾಕ ಅಳ್ತೀರಿ? ಪಾಪ ಹೋತಲ್ಲ" ಅಂದೆ.

"ಪಾಪದ್ದು ಯಾರಿಗೆ ಬೇಕ ಬೇ?" ಅಂದರು. "ಆ ಸುಣ್ಣಾ ಬಿದ್ದ ದಿನಾ ಅವರು ನಾಕ ಹರದಾರಿ ನಡದ ಬಂದಿದ್ರು. ಮುಖಾ ಬಾಡಿತ್ತು. ನೀರ ಸುದ್ದಾ ಕುಡೀಲಿಲ್ಲ. ನನ್ನ ಮನ್ಯಾಗಿಂದ ಹಸಗೊಂಡು ಹೋದ್ರು."

ಅವರ ಮುಂದೆ ತಾಟು ಇಟ್ಟು ರೊಟ್ಟಿ ಬಡಿಸಿದೆ. ದಿನಾ ಒಂದು ರೊಟ್ಟಿಗೇ ಸಾಕು ಎನ್ನುತ್ತಿದ್ದವರು ಅಂದು ಇನ್ನೊಂದು ಹಾಕು ಅಂದರು.