ಜಯಲಕ್ಷ್ಮಮ್ಮನ ಒಂದೂವರೆ ಇಂಚು

ಬೆಳಗಿನ ಐದೂವರೆ. ಹೊಳೆನರಸೀಪುರದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಹಾಲಿನವರಿಗಿಂತ ಮೊದಲು ಬಾಗಿಲು ತೆಗೆಯುವುದು ಜಯಲಕ್ಷ್ಮಮ್ಮನ ಟೈಪಿಂಗ್ ಅಂಗಡಿ. ಎಂಟಕ್ಕೆ ಕರೆಂಟು ಹೋಗುತ್ತದೆ, ಅಷ್ಟರೊಳಗೆ ಹದಿನೈದು ಪುಟವಾದರೂ ಮುಗಿಯಬೇಕು. ಇಂದು ಮಾತ್ರ ಅವರ ಕೈ ಕೀಬೋರ್ಡಿನ ಮೇಲಿಲ್ಲ, ತಲೆಯ ಮೇಲಿದೆ.

"ಕೋಣನ ಮುಂದೆ ಕಿನ್ನರಿ ಬಾರ್ಸಿದಂಗಾಯ್ತು ಸಾ. ಮೂರು ದಿನದಿಂದ ಏಳ್ತಾನೇ ಇವ್ನಿ, ಕೇಳ್ತಾನೇ ಇಲ್ಲ."

ಕೇಳದಿರುವುದು ಕಂಪ್ಯೂಟರು. ಹಾಸನದ ಕಾಲೇಜಿನ ಮೇಷ್ಟ್ರು ಗಿರಿಧರ ಕೆರೆಗಳ ಬಗ್ಗೆ ಬರೆದ ಮಹಾಪ್ರಬಂಧ ಅದರೊಳಗಿದೆ, ಇನ್ನೂರ ಅರವತ್ತು ಪುಟ. ನಾಳೆ ಸಂಜೆಯೊಳಗೆ ಅದು ಮೈಸೂರು ಸೇರದಿದ್ದರೆ ಅವರ ಏಳು ವರ್ಷದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ. ಮೇಷ್ಟ್ರು ಹಾಕಿಕೊಟ್ಟ ಹೊಸ ತಂತ್ರಾಂಶದಲ್ಲಿ ಪ್ರತಿ ಫೈಲಿನ ತಲೆಯಲ್ಲೂ ಆ ಫೈಲಿನ ಕಟ್ಟಳೆ ಬರೆಯಬೇಕು: ಎಡಗಡೆ ಒಂದೂವರೆ ಇಂಚು ಅಂಚು ಬಿಡು, ಹೀಗೆ. ಜಯಲಕ್ಷ್ಮಮ್ಮ ಬರೆದಿದ್ದಾರೆ. ಆದರೆ ಪ್ರಿಂಟಿಗೆ ಸಿದ್ಧಮಾಡಿ ಹೊರತೆಗೆದಾಗಲೆಲ್ಲ ಅಂಚು ಅರ್ಧ ಇಂಚೇ. ಹೀಗೆ ಹೊಲಿದರೆ ಅರ್ಧ ಅಕ್ಷರ ದಾರದೊಳಗೆ ಹೋಗುತ್ತದೆಂದು ಬೈಂಡರ್ ಕೆಂಪಣ್ಣ ನಿನ್ನೆ ಇಡೀ ಕಟ್ಟನ್ನು ವಾಪಸು ಕಳಿಸಿದ್ದಾನೆ.

ಅವರ ಬಗ್ಗೆ ಬರೆಯಲೆಂದು ಬಂದು ಕೂತಿರುವ ನನಗಂತೂ ತಲೆಬುಡ ತಿಳಿಯುತ್ತಿಲ್ಲ. ತಿಳಿದವನಂತೆ ತಲೆಯಾಡಿಸುತ್ತಿದ್ದೇನೆ.

ಜಯಲಕ್ಷ್ಮಮ್ಮ ತೊಂಬತ್ತೆರಡರಿಂದ ಕೋರ್ಟಿನ ಮುಂದೆ ಹುಣಸೆಮರದ ಕೆಳಗೆ ಟೈಪ್‌ರೈಟರ್ ಇಟ್ಟುಕೊಂಡಿದ್ದವರು. ಮಳೆ ಬಂದರೆ ಮಗುವಿಗಿಂತ ಮೊದಲು ಮೆಷಿನ್ನಿಗೆ ಸೆರಗು ಹೊದಿಸಿದ್ದನ್ನು ನಗುತ್ತಲೇ ಹೇಳುತ್ತಾರೆ; ಕೇಳಿದ ನನಗೆ ನಗು ಬರಲಿಲ್ಲ. ಎರಡು ಸಾವಿರದ ಇಸವಿಯಲ್ಲಿ ಕಂಪ್ಯೂಟರು ಬಂತು. ಈಗ ದಿನಕ್ಕೆ ನಲವತ್ತು ಪುಟ, ಬೆರಳ ಗಿಣ್ಣುಗಳಿಗೆ ರಾತ್ರಿ ಹರಳೆಣ್ಣೆ.

ಮತ್ತೆ ಪರೀಕ್ಷೆ. ಹೊಸ ಫೈಲು ತೆರೆದು ಅದೇ ಕಟ್ಟಳೆಯ ಸಾಲು, ಕೆಳಗೆ ಸುಮ್ಮನೆ ನಾಲ್ಕು ಮಾತು. ಹೊರತೆಗೆದರೆ ಅಂಚು ಸರಿಯಾಗಿ ಒಂದೂವರೆ ಇಂಚು! ಪ್ರಬಂಧವನ್ನು ಹೊರತೆಗೆದರೆ ಅರ್ಧ ಇಂಚು. ಅಕ್ಷರಕ್ಕೆ ಅಕ್ಷರ ಅದೇ ಸಾಲು.

"ಕಳ್ಳಾಟ ಕಣಿ ಇದು. ಬಿಸಾಕೋದ್ಕೆ ಸರ್ಯಾಗ್ ಬತ್ತದೆ, ಬೇಕಾದ್ದುಕ್ಕೆ ಬರಲ್ಲ!"

ಏಳೂಕಾಲು. ಎರಡೂ ಫೈಲುಗಳ ಮೊದಲ ಪರದೆಯನ್ನು ಕಂಡಂತೆಯೇ ಕಾಗದಕ್ಕಿಳಿಸಿ ಪಕ್ಕಪಕ್ಕ ಇಡುತ್ತಾರೆ. ಸ್ಕೇಲು ಹಿಡಿದು ಸಾಲು ಸಾಲಾಗಿ ಇಳಿಯುತ್ತಾರೆ, ಮೊದಲ ಸಾಲಿನಲ್ಲೇ ಸ್ಕೇಲು ನಿಲ್ಲುತ್ತದೆ. ಪ್ರಬಂಧದ ತಲೆಯಲ್ಲಿ 'ಶ್ರೀ' ಇದೆ, ಕಟ್ಟಳೆ ಅದರ ಕೆಳಗೆ. ಅಚ್ಚಿಗೆ ಬಾರದ ಹಾಗೆ ಗುರುತು ಹಾಕಿ ಬರೆದದ್ದು. ಟೈಪ್‌ರೈಟರ್ ಕಾಲದಿಂದಲೂ ಶ್ರೀಕಾರವಿಲ್ಲದೆ ಅವರು ಕೆಲಸ ಶುರುಮಾಡಿದವರಲ್ಲ. ಕಟ್ಟಳೆಯನ್ನು ಮೊದಲ ಸಾಲಿನಲ್ಲಿ ಮಾತ್ರ ಹುಡುಕುವ ತಂತ್ರಾಂಶ, ಶ್ರೀಯನ್ನು ನೋಡಿ ಏನೂ ಇಲ್ಲವೆಂದು ಮುಂದೆ ಹೋಗಿದೆ.

"ಪರೀಕ್ಷೆಯ ಫೈಲಿಗೆ ಯಾಕೆ ಹಾಕಲಿಲ್ಲ?" ಎಂದೆ.

"ಬಿಸಾಕೋದ್ಕೆ ಯಾರಾರ ಶ್ರೀ ಆಕ್ತಾರಾ ಸಾ?"

ಕಟ್ಟಳೆಯ ಸಾಲು ಮೇಲೇರುತ್ತದೆ, ಶ್ರೀ ಎರಡನೆಯ ಸಾಲಿಗೆ ಇಳಿಯುತ್ತದೆ. ಇಳಿಸುವ ಮುನ್ನ ಅವರು ಕೆನ್ನೆ ಮುಟ್ಟಿಕೊಳ್ಳುತ್ತಾರೆ. ಹೊರಬಂದ ಹಾಳೆಗೆ ಸ್ಕೇಲಿಟ್ಟರೆ ಒಂದೂವರೆ ಇಂಚು! ನಾನೂ ಕೂಗಿಬಿಟ್ಟೆ.

"ಮಿಷಿನ್ನು ನೆಂಟ್ರಂಗೆ, ಮುಂದ್ಲ ಮಣೆ ಕೇಳ್ತು, ಕೊಟ್ವಿ. ದೇವ್ರು ಮನೇರಲ್ವಾ, ಇಂದೆ ಕೂತ್ಕತಾರೆ."

ಮೊದಲ ಬಸ್ಸಿಗೆ ಬಂದಿಳಿದ ಗಿರಿಧರ ಅಂಚನ್ನು ಕಂಡು ತಾವೂ ಒಮ್ಮೆ ಸ್ಕೇಲಿಟ್ಟು ನೋಡುತ್ತಾರೆ. ಕೃತಜ್ಞತೆಯ ಪುಟದಲ್ಲಿ ನಿಮ್ಮ ಹೆಸರು ಸೇರಿಸಿಬಿಡಿ, ಜಯಲಕ್ಷ್ಮಮ್ಮನವರೇ, ಎನ್ನುತ್ತಾರೆ. ಪ್ರಿಂಟರು ಆಗಲೇ ಕಿರುಗುಟ್ಟುತ್ತಿದೆ. ಎಂಟಕ್ಕೆ ಇನ್ನು ಇಪ್ಪತ್ತೈದು ನಿಮಿಷ.

"ನನ್ನೆಸ್ರು ಬ್ಯಾಡಿ ಸಾ," ಎನ್ನುತ್ತಾರೆ ಹಾಳೆ ಜೋಡಿಸುತ್ತ. "ಆ ಶ್ರೀ ಮಾತ್ರ ಅಳಿಸ್‌ಬ್ಯಾಡಿ. ಅಚ್ಚಲ್ಲಿ ಕಾಣಾಕಿಲ್ಲ, ನಾನ್ ಮಾಡಿದ್ ಕೆಲ್ಸ ಅನ್ನೋ ಗುರ್ತಿಗೆ ಒಳಗಿರ್ಲಿ."