ಬಿಟ್ಟಿ ನಡಿಗೆ, ಮಡಿಲ ತುಂಬ ಸೊಪ್ಪು

ನಾನು ಕಳೆದುಹೋಗಿರಲಿಲ್ಲ. ಸೊಪ್ಪು ಕೀಳುತ್ತಿದ್ದೆ. ನಡೆದದ್ದು ಇಷ್ಟೇ.

ಆದರೆ ನನ್ನ ಮಗಳು ಮನೆಗೆ ಬಂದವರಿಗೆಲ್ಲ ಕಾಫಿ ಕೊಡುತ್ತಾ "ನಮ್ಮಮ್ಮ ಸ್ವೀಡನ್ನಿನಲ್ಲಿ ಕಳೆದೇ ಹೋಗಿದ್ದರು ಗೊತ್ತಾ" ಅಂತ ಶುರು ಮಾಡುತ್ತಾಳೆ. ಹೇಳಿ ಹೇಳಿ ಅವಳ ಕಥೆಯಲ್ಲಿ ಅಲೆ ದೊಡ್ಡದಾಗಿದೆ, ಬಂಡೆಗೆ ಪಾಚಿ ಹತ್ತಿದೆ, ನಾನು ಮಾತ್ರ ಚಿಕ್ಕವಳಾಗುತ್ತಾ ಬಂದಿದ್ದೇನೆ. ಇನ್ನೆರಡು ವರ್ಷ ಬಿಟ್ಟರೆ ನನ್ನನ್ನು ನೀರಿನಿಂದ ಎಳೆದು ತೆಗೆದರು ಅಂತಲೂ ಹೇಳುತ್ತಾಳೆ. ಅದಕ್ಕೇ ನನ್ನದನ್ನು ನಾನೇ ಬರೆದಿಡುತ್ತೇನೆ. ಓದಿದ್ದು ನಾಲ್ಕನೇ ಕ್ಲಾಸು, ಒತ್ತಕ್ಷರ ತಪ್ಪಿದ್ದರೆ ನೀವೇ ತಿದ್ದಿಕೊಳ್ಳಿ.

ಹದಿನಾರನೇ ಇಸವಿಯೋ ಹದಿನೇಳೋ ಇರಬೇಕು. ಮೂರು ತಿಂಗಳ ವೀಸಾದ ಮೇಲೆ ಮಗಳ ಮನೆಗೆ ಹೋಗಿದ್ದೆ. ಮನೆ ಟೋರ್ಸ್‌ಲಾಂಡ ಅನ್ನೋ ಊರಿನಲ್ಲಿ. ಅಳಿಯಂದಿರಿಗೆ ಅಲ್ಲೇ ಕಾರ್ ಫ್ಯಾಕ್ಟರಿಯಲ್ಲಿ ಕೆಲಸ, ಮಗಳಿಗೆ ಮೋಲ್ನ್‌ಡಾಲ್ ಕಡೆ ಒಂದು ಲ್ಯಾಬಿನಲ್ಲಿ. ಮೊಮ್ಮಗಳು ಡಾಗಿಸ್ ಅನ್ನೋ ಶಿಶುವಿಹಾರದಿಂದ ಹಿಡಿದು ಅಲ್ಲೇ ಬೆಳೆದವಳು. ನಾನು ಕನ್ನಡದಲ್ಲಿ ಕೇಳಿದರೆ ಸ್ವೀಡಿಶ್‌ನಲ್ಲಿ ಉತ್ತರ ಕೊಡುತ್ತಿದ್ದಳು. ನನಗೆ ಅರ್ಥವಾಗದಿದ್ದರೆ ಇಂಗ್ಲಿಷ್‌ನಲ್ಲಿ ಹೇಳುತ್ತಿದ್ದಳು, ಅದೂ ಅರ್ಥವಾಗದು ಅಂತ ಅವಳಿಗೆ ಗೊತ್ತಿದ್ದರೂ. ಬೆಳಿಗ್ಗೆ ಎದ್ದು ಮೂವರೂ ಹೊರಟರೆ ಮನೆಯಲ್ಲಿ ನಾನು ಮತ್ತು ಪಾತ್ರೆ ತೊಳೆಯೋ ಮೆಷಿನ್. ಮೆಷಿನ್ನಿಗಾದರೂ ಕೆಲಸವಿತ್ತು.

ಕಿಟಕಿಯಲ್ಲಿ ಕೂತರೆ ಎದುರು ಬಸ್ ಸ್ಟಾಪು. ಪಕ್ಕದ ಮನೆಯ ಅಜ್ಜಿ, ನನಗಿಂತ ಹತ್ತು ವರ್ಷವಾದರೂ ದೊಡ್ಡವಳು, ಚಕ್ರದ ಗಾಡಿ ತಳ್ಳಿಕೊಂಡು ಬಂದು ದಿನಾ ಬಸ್ ಹತ್ತುತ್ತಿದ್ದಳು. ಎಲ್ಲಿಗೆ ಹೋಗುತ್ತಿದ್ದಳೋ. ಸಾಯಂಕಾಲ ಸರಿಯಾಗಿ ವಾಪಸ್ ಬರುತ್ತಿದ್ದಳು. ಒಂದು ತಿಂಗಳು ಅವಳನ್ನು ನೋಡಿ ನೋಡಿ ನನಗೆ ಹೊಟ್ಟೆ ಉರಿಯಿತು.

"ನನಗೂ ಆ ಬಸ್ ಕಾರ್ಡು ಕೊಡೆ" ಅಂದೆ ಮಗಳಿಗೆ.

"ಎಲ್ಲಿಗೆ ಹೋಗ್ತೀಯಮ್ಮ?"

"ಬಸ್ಸು ಎಲ್ಲಿಗೆ ಹೋಗುತ್ತೋ ಅಲ್ಲಿಗೆ."

"ಭಾಷೆ ಬರಲ್ಲ. ಕಳೆದುಹೋದ್ರೆ?"

"ಮೆಜೆಸ್ಟಿಕ್‌ನಲ್ಲೇ ಕಳೆದುಹೋಗದವಳು ಇಲ್ಲಿ ಕಳೆದುಹೋಗ್ತೀನಾ? ಬೀದಿಯಲ್ಲಿ ಮನುಷ್ಯರೇ ಇಲ್ಲ."

"ಅದಕ್ಕೇ ಭಯ. ದಾರಿ ಕೇಳೋಕೂ ಯಾರೂ ಸಿಗಲ್ಲ."

ಬಾಗಿಲ ಪಕ್ಕದ ಮೊಳೆಯಲ್ಲಿ, ನೆಂಟರು ಬಂದರೆ ಇರಲಿ ಅಂತ ಇಟ್ಟ ಒಂದು ಕಾರ್ಡು ಬೀಗದಕೈ ಜೊತೆ ನೇತಾಡುತ್ತಿತ್ತು. ನಾನು ನೆಂಟಳಲ್ಲವಂತೆ, ಅಮ್ಮನಂತೆ. ನೆಂಟಳಾಗಿದ್ದರೆ ಊರು ನೋಡಿರುತ್ತಿದ್ದೆ.

ಆಗ ಅಳಿಯಂದಿರು ಒಂದು ದಾರಿ ಹುಡುಕಿದರು. ಅಲ್ಲಿಯ ಕೊಮ್ಮೂನ್, ಅಂದರೆ ನಮ್ಮ ಮುನಿಸಿಪಾಲಿಟಿ ಇದ್ದ ಹಾಗೆ, ಭಾನುವಾರ ಕಡಲ ಪಾರ್ಕಿನಲ್ಲಿ ಜನರನ್ನು ನಡೆಸಿಕೊಂಡು ಹೋಗಿ ಗಿಡ, ಹಕ್ಕಿ ತೋರಿಸುತ್ತದೆ. ಬಿಟ್ಟಿ. ಜೊತೆಗೆ ಒಬ್ಬ ಗೈಡು. "ಅತ್ತೆಯವರಿಗೂ ಗಾಳಿ ಸೇವನೆ ಆಗುತ್ತೆ" ಅಂದರು. ಮಗಳು ಅದನ್ನು ಪರೀಕ್ಷೆ ಮಾಡಿಬಿಟ್ಟಳು. "ನೋಡೋಣ. ಎಲ್ಲರ ಜೊತೆ ಸರಿಯಾಗಿ ನಡೆದು ಬಂದ್ರೆ ಸೋಮವಾರದಿಂದ ಕಾರ್ಡು ನಿನ್ನದು" ಅಂದಳು. ನಾಲ್ಕನೇ ಕ್ಲಾಸಿನ ಮೇಲೆ ನಾನು ಕೂತ ಮೊದಲ ಪರೀಕ್ಷೆ ಅದು.

ಬಿಟ್ಟಿ ಅಂದ ಮೇಲೆ ಊಟವಿರುತ್ತೆ ಅಂದುಕೊಂಡೆ. ನಮ್ಮ ಕೋಲಾರದ ಕಡೆ ಬಿಟ್ಟಿ ಅಂದರೆ ಎಲೆ ಹಾಕುತ್ತಾರೆ ಅಂತಲೇ ಅರ್ಥ. ಮಗಳು ನಕ್ಕು, ನಮ್ಮ ಬುತ್ತಿ ನಾವೇ ಕಟ್ಟಿಕೊಂಡು ಹೋಗಬೇಕು ಅಂದಳು. ನಾಲ್ಕು ಜನರಿಗೆ ನಾಲ್ಕು ಸ್ಯಾಂಡ್‌ವಿಚ್. ಜಾಸ್ತಿ ಮಾಡಿ ಹಂಚಬಾರದಂತೆ, ಅವರಿಗೆ ಮುಜುಗರವಾಗುತ್ತದಂತೆ. ಮನೆಯಲ್ಲಿ ಕಾರಿತ್ತು, ಆದರೆ ಪ್ರಕೃತಿ ನೋಡೋಕೆ ಹೋಗುವವರು ಕಾರಿನಲ್ಲಿ ಹೋದರೆ ಚೆನ್ನಾಗಿರಲ್ಲ ಅಂತ ಬಸ್ಸಿನಲ್ಲಿ ಕರೆದುಕೊಂಡು ಹೋದರು. ಕಾರು ಮಾಡುವವರಿಗೇ ಕಾರಿನ ಮೇಲೆ ಅಷ್ಟು ನಾಚಿಕೆ. ನನಗೆ ಒಳ್ಳೆಯದೇ ಆಯಿತು. ಮನೆ ಮುಂದೆ ಹತ್ತಿದರೆ ಕೊನೇ ಸ್ಟಾಪಿನಲ್ಲಿ ಇಳಿಯೋದು. ಕೊನೇ ಸ್ಟಾಪನ್ನು ತಪ್ಪಿಸಿಕೊಳ್ಳಬೇಕು ಅಂದರೂ ಆಗಲ್ಲ, ಡ್ರೈವರೇ ಇಳಿಸುತ್ತಾನೆ. ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡೆ.

ಅಲ್ಲಿ ಬಂದಿದ್ದವರೆಲ್ಲ ನನ್ನ ವಯಸ್ಸಿನವರೇ. ಎಲ್ಲರ ಕೈಯಲ್ಲೂ ಎರಡೆರಡು ಕೋಲು, ಬೆನ್ನಿಗೊಂದು ಚೀಲ, ಚೀಲಕ್ಕೆ ಕಟ್ಟಿದ್ದು ಕೂತಾಗ ಕುಂಡಿ ಕೆಳಗೆ ಹಾಕಿಕೊಳ್ಳೋ ಪುಟ್ಟ ಚಾಪೆ. ಗೈಡು ತೆಳ್ಳಗೆ ಉದ್ದಕ್ಕಿದ್ದ. ಹತ್ತು ಹೆಜ್ಜೆ ನಡೆಯೋದು, ನಿಲ್ಲೋದು. ಒಂದು ಪೊದೆ ಮುಂದೆ ನಿಂತು ಅವನು ಎಷ್ಟು ಹೊತ್ತು ಮಾತಾಡಿದ ಅಂದರೆ, ನಮ್ಮಲ್ಲಿ ಅಷ್ಟು ಹೊತ್ತಿಗೆ ಹೆಣ್ಣು ನೋಡಿ, ಒಪ್ಪಿ, ತಾಂಬೂಲ ಬದಲಾಯಿಸಿರುತ್ತಿದ್ದರು.

"ಏನಂದ?" ಅಂತ ಮಗಳನ್ನು ಕೇಳಿದೆ.

"ಗಾಳಿಗೆ ಗಿಡ ಬಗ್ಗಿದೆಯಂತೆ."

"ಇಷ್ಟೇನಾ?"

"ಇಷ್ಟೇ ಅಮ್ಮ."

ಕಣ್ಣಿಗೆ ಕಾಣುತ್ತಿತ್ತು. ಆದರೂ ಎಲ್ಲರೂ ತಲೆ ಆಡಿಸಿದರು, ನಾನೂ ಆಡಿಸಿದೆ. ಪರೀಕ್ಷೆಯಲ್ಲವೇ.

ಮುಂದೆ ನೀರಿನಲ್ಲಿ ದಪ್ಪ ಬಾತುಕೋಳಿಗಳು ಕೂತಿದ್ದವು. ಗೈಡು ಬಾಯಿಗೆ ಕೈ ಅಡ್ಡ ಹಿಡಿದು ಅವುಗಳ ಹಾಗೆ ಕೂಗಿದ. ಆಮೇಲೆ ಎಲ್ಲರ ಕೈಲೂ ಕೂಗಿಸಿದ. ಮೊಮ್ಮಕ್ಕಳನ್ನು ಕಂಡ ಮುದುಕರು ಸಾಲಾಗಿ ನಿಂತು ಬಾತುಕೋಳಿ ಕೂಗು ಕೂಗೋದನ್ನು ನೋಡಿ, ಇವರನ್ನು ಮನೆಯವರು ಯಾಕೆ ಒಬ್ಬರೇ ಹೊರಗೆ ಬಿಡುತ್ತಾರೋ ಅನ್ನಿಸಿತು. ಬಾತುಕೋಳಿಗಳು ತಿರುಗಿಯೂ ನೋಡಲಿಲ್ಲ.

ಆಮೇಲೆ ಫೀಕಾ. ಫೀಕಾ ಅಂದರೆ ಕೂತು ಕಾಫಿ ಕುಡಿಯೋದು. ಅವರವರ ಚಾಪೆ, ಅವರವರ ಫ್ಲಾಸ್ಕು, ಅವರವರ ಡಬ್ಬಿ. ಪಕ್ಕದವರ ಡಬ್ಬಿಯಲ್ಲಿ ಏನಿದೆ ಅಂತ ಯಾರೂ ಬಗ್ಗಿ ನೋಡಲ್ಲ. ಒಬ್ಬ ಹೆಂಗಸು ಮಾತ್ರ ನನ್ನ ಕಡೆ ನಕ್ಕು, ನಿಮ್ಮ ಭಾಷೆಯಲ್ಲಿ ತಾಯಿಗೆ ಏನಂತೀರಿ ಅಂತ ಮಗಳನ್ನು ಕೇಳಿದಳು. ಅಮ್ಮ ಅಂದಳು ಮಗಳು. ತಗೋ, ಎಲ್ಲರೂ ಒಬ್ಬರಾದ ಮೇಲೆ ಒಬ್ಬರು ಅಮ್ಮ, ಅಮ್ಮ ಅಂತ ಹೇಳಿ ನೋಡಿದರು. ಬಾತುಕೋಳಿಯ ಮೇಲೆ ನನ್ನ ಸರದಿ.

ಎದ್ದು ಹೊರಟಾಗ ನಾನು ಕಂಡದ್ದು ಸೊಪ್ಪನ್ನು. ಕಡಲಿನ ಪಾಚಿ ದಡಕ್ಕೆ ಬಿದ್ದು ಕೊಳೆತು ಗೊಬ್ಬರವಾಗಿತ್ತು, ಅದರ ಮೇಲೆ ಹುಲುಸಾಗಿ ಬೆಳೆದಿತ್ತು. ಒಂದು ನಮ್ಮ ಚಕ್ಕೋತ ಸೊಪ್ಪಿನ ಹಾಗೆ. ಇನ್ನೊಂದು ಗೋಣಿ ಸೊಪ್ಪಿನ ಹಾಗೆ ದಪ್ಪೆಲೆ. ಅದೇ ಇದಾ, ಬೇರೆಯಾ, ನನಗೆ ಗೊತ್ತಿಲ್ಲ. ಆದರೆ ನಮ್ಮ ಕಡೆ ಹೆಂಗಸರು ಹೊಲದ ಬದುವಿನಲ್ಲಿ ಬೆರಕೆ ಸೊಪ್ಪು ಕಂಡು ಸುಮ್ಮನೆ ದಾಟಿ ಹೋದದ್ದನ್ನು ನೀವು ನೋಡಿದ್ದೀರಾ? ಮದುವೆ ಮನೆಗೆ ಹೊರಟಿದ್ದರೂ ಬಗ್ಗುತ್ತಾರೆ. ಕೈ ನನ್ನದಾದರೂ ಅದು ನನ್ನನ್ನು ಕೇಳಲ್ಲ. ಜಾಕೆಟ್ಟಿನ ಗುಂಡಿ ಬಿಚ್ಚಿ, ಸೆರಗನ್ನು ಮಡಿಲು ಮಾಡಿಕೊಂಡು, ಕೂತೆ. ಎಳೇ ಕುಡಿ ಮಾತ್ರ ಚಿವುಟಿದೆ. ಒಂದು ತಿಂಗಳು ಪ್ಲಾಸ್ಟಿಕ್ ಚೀಲದ ಪಾಲಕ್ ತಿಂದ ನಾಲಿಗೆ, ಮಸ್ಸೊಪ್ಪು, ಮುದ್ದೆ ನೆನೆದು ನೀರು ಬಿಟ್ಟಿತು. ಉಳಿದವರು ಹಕ್ಕಿ ನೋಡೋ ಅಟ್ಟದ ಕಡೆ ಬಂಡೆ ದಾಟಿ ಹೋದರು. ಹೋಗಲಿ, ಹತ್ತು ಹೆಜ್ಜೆಗೊಮ್ಮೆ ನಿಲ್ಲುವವರು, ಆಮೇಲೆ ಸೇರಿಕೊಂಡರಾಯಿತು ಅಂದುಕೊಂಡೆ.

ಸ್ವಲ್ಪ ಹೊತ್ತಿಗೆ ಬಂಡೆಯ ಆಚೆಯಿಂದ "ಅಮ್ಮಾ, ಅಮ್ಮಾ" ಅಂತ ಕೂಗು. ಕೇಳಿಸಲಿಲ್ಲ ಅಂತ ಸುಳ್ಳು ಹೇಳಲ್ಲ. ಚೆನ್ನಾಗಿ ಕೇಳಿಸಿತು. ಗಂಡಸರು, ಹೆಂಗಸರು, ಎಲ್ಲ ಸ್ವೀಡಿಶ್ ಗಂಟಲು. ಗೈಡು ಇವರಿಗೆ ಮತ್ತೆ ಪಾಠ ಶುರು ಮಾಡಿದ, ಬಾತುಕೋಳಿ ಆಯಿತು, ಈಗ ಕನ್ನಡ ಕಲಿಸುತ್ತಿದ್ದಾನೆ ಅಂದುಕೊಂಡೆ. ಅಲ್ಲದೆ ನಮ್ಮ ಊರಿನಲ್ಲಿ ಅಮ್ಮಾ ಅಂತ ಹೊರಗಿನಿಂದ ಕೂಗೋರು ಯಾರು? ಹಾಲಿನವನು, ಹೂವಿನವಳು, ಭಿಕ್ಷೆಯವನು. ಬೇಕಾದರೆ ಬಾಗಿಲಿಗೆ ಬರುತ್ತಾರೆ. ಕೂಗಿದರು ಅಂತ ಕೆಲಸ ಬಿಟ್ಟು ಓಡಿದರೆ ಆಗುತ್ತಾ? ಮಗಳ ದನಿ ಇದ್ದಿದ್ದರೆ ಏಳುತ್ತಿದ್ದೆ. ಅವಳು ಅಳುತ್ತಿದ್ದಳಂತೆ, ದನಿ ಹೊರಡಲಿಲ್ಲವಂತೆ.

ಬಂಡೆಯ ಆಚೆ ನಡೆದದ್ದನ್ನು ಮೊಮ್ಮಗಳು ಆಮೇಲೆ ನನಗೆ ಹೇಳಿದಳು, ಅರ್ಧ ಕನ್ನಡ, ಅರ್ಧ ಕೈಸನ್ನೆ. ಅಮ್ಮ ಅಂತ ಕೂಗಿ ಸಾಕಾದ ಮೇಲೆ ಗೈಡು ಅವಳ ಅಪ್ಪನನ್ನು ಕೇಳಿದನಂತೆ, ಆಕೆಯ ಹೆಸರು ಹೇಳಿ, ಹೆಸರು ಹಿಡಿದು ಕೂಗೋಣ ಅಂತ. ಅಳಿಯಂದಿರು "ಅತ್ತೆ" ಅಂದರಂತೆ. ಅದು ಹೆಸರಾ ಅಂದನಂತೆ. ಅಲ್ಲ ಅಂದರಂತೆ. ವೀಸಾ ಕಾಗದದಲ್ಲಿ ನನ್ನ ಹೆಸರನ್ನು ಇಂಗ್ಲಿಷ್‌ನಲ್ಲಿ ಎಷ್ಟು ಸಲ ಬರೆದಿದ್ದರೋ ಆ ಪುಣ್ಯಾತ್ಮ. ಬಾಯಿಬಿಟ್ಟು ಹೇಳಿ ಅಂದರೆ ಬಾಯಿ ಬರಲಿಲ್ಲ. ಅತ್ತೆಯ ಹೆಸರು ಹಿಡಿದು ಬಟಾಬಯಲಲ್ಲಿ ಕೂಗೋದು ಹೇಗೆ? ಹೆಂಡತಿಯ ಮುಖ ನೋಡಿದರು. ಹೆತ್ತ ತಾಯಿಯ ಹೆಸರು ಇವಳು ಕೂಗುತ್ತಾಳಾ? ಇವಳು ನೆಲ ನೋಡಿದಳು. ತಾಯಿ ಸಮುದ್ರದ ಪಾಲಾದಳು ಅಂತ ಅಳುತ್ತಿದ್ದಾರೆ, ಅಂಥ ಹೊತ್ತಿನಲ್ಲೂ ಮರ್ಯಾದೆ ಬಿಡಲಿಲ್ಲ. ನಾನೇ ಬೆಳೆಸಿದ್ದು, ಯಾರನ್ನು ಬೈಯಲಿ?

ಮೊಮ್ಮಗಳಿಗೆ ಈ ತಾಪತ್ರಯ ಇರಲಿಲ್ಲ. ಅವಳು ಸ್ಕೂಲಿನಲ್ಲಿ ಟೀಚರನ್ನೂ ಹೆಸರು ಹಿಡಿದೇ ಕೂಗುವವಳು. ಬಂಡೆಯ ತುದಿಗೆ ಹತ್ತಿ, ನನ್ನ ಹೆಸರನ್ನು, ಬರೀ ಹೆಸರನ್ನು, ನಾಯಿಮರಿ ಕರೆದ ಹಾಗೆ ಗಟ್ಟಿಯಾಗಿ ಕೂಗಿದಳು.

ಆ ಹೆಸರನ್ನು ಇಲ್ಲಿ ಬರೆಯಲ್ಲ. ಆದರೆ ಕೇಳಿ, ನನ್ನ ಗಂಡ ನನ್ನನ್ನು "ಏಯ್" ಅಂತಲೋ "ಇವಳೇ" ಅಂತಲೋ ಕರೆದು ಸಂಸಾರ ಮುಗಿಸಿ ಹೋದ. ಅತ್ತೆ ಮನೆಯಲ್ಲಿ ದೊಡ್ಡ ಸೊಸೆ, ಆಮೇಲೆ ಇಂಥವಳ ಅಮ್ಮ, ಇಂಥವಳ ಅಜ್ಜಿ. ರೇಷನ್ ಅಂಗಡಿಯವನೂ ಗಂಡನ ಹೆಸರಿನಲ್ಲೇ ಕೂಗುತ್ತಿದ್ದ. ನನ್ನ ಹೆಸರನ್ನು ಒಂಟಿಯಾಗಿ, ಗಟ್ಟಿಯಾಗಿ ಕೊನೇ ಸಲ ಕೂಗಿದ್ದು ನಾಲ್ಕನೇ ಕ್ಲಾಸಿನ ಮೇಷ್ಟ್ರು, ಹಾಜರಿ ಕರೆಯುವಾಗ. ಯೋಚನೆ ಮಾಡೋಕೆ ಮುಂಚೆಯೇ ಎದ್ದು ನಿಂತೆ. ಒಂದು ಕೈ ಮೇಲೆ ಹೋಯಿತು. "ಬಂದೆ ಸಾರ್" ಅಂದುಬಿಟ್ಟೆ. ಮಡಿಲಿನ ಸೊಪ್ಪು ಅರ್ಧ ಕೆಳಗೆ ಬಿತ್ತು.

ಎಲ್ಲರೂ ಓಡಿ ಬಂದರು. ಕೋಲಿನ ಮುದುಕರೂ ಓಡಿದರು, ಕೋಲು ಇಲ್ಲದೆಯೇ. ಮಗಳು ಬಂದು ತಬ್ಬಿಕೊಂಡು, ಉಸಿರು ತಗೊಂಡು, ಆಮೇಲೆ ಬೈಯೋಕೆ ಶುರು ಮಾಡಿದಳು. ಗೈಡು ನನ್ನ ಮಡಿಲು ನೋಡಿದ. ಅವನ ಮುಖ ಸಣ್ಣಗಾಯಿತು. ಈ ಪಾರ್ಕಿನಲ್ಲಿ ಏನನ್ನೂ ಕೀಳಬಾರದಂತೆ, ಇದು ಎಲ್ಲರದಂತೆ, ಅದಕ್ಕೇ ಯಾರೂ ತಗೊಳ್ಳಬಾರದಂತೆ. ಮೆತ್ತಗೆ ಹೇಳಿದ, ಬೈಯಲಿಲ್ಲ. ಎರಡೂ ಕೈಯಲ್ಲಿ ಸೊಪ್ಪು ತೆಗೆದುಕೊಂಡು, ಮಗುವನ್ನು ಮಲಗಿಸಿದ ಹಾಗೆ ಗಿಡದ ಬುಡಕ್ಕೆ ಇಟ್ಟ. ಕೊಳೆತರೆ ಪರವಾಗಿಲ್ಲ, ಬೆಂದರೆ ಮಾತ್ರ ತಪ್ಪು. ಆಗ ನನಗೆ ಅವರ ಬಿಟ್ಟಿ ಅರ್ಥವಾಯಿತು. ತೋರಿಸೋದು ಬಿಟ್ಟಿ, ಬಾಯಿಗೆ ಹಾಕಿಕೊಳ್ಳೋ ಹಾಗಿಲ್ಲ.

ಬಸ್ಸಿನಲ್ಲಿ ಬರುವಾಗ ಮೊದಲ ಶಿಕ್ಷೆ ಮೊಮ್ಮಗಳಿಗೆ.

"ಅಜ್ಜಿ ಹೆಸರು ಹಿಡಿದು ಕೂಗ್ತೀಯಾ? ಮರ್ಯಾದೆ ಇಲ್ವಾ?"

"ಬಟ್ ಇಟ್ ವರ್ಕ್ಡ್, ಮಮ್ಮಾ" ಅಂದಳು ಅವಳು ಕಿಟಕಿ ನೋಡುತ್ತಾ. ಆ ಇಂಗ್ಲಿಷ್ ನನಗೂ ಅರ್ಥವಾಯಿತು.

ಎರಡನೇ ಶಿಕ್ಷೆ ನನಗೆ. ಅಳಿಯಂದಿರು ತುಂಬಾ ವಿನಯದಿಂದ, "ಅತ್ತೆ, ಕತ್ತಿಗೆ ಹಾಕ್ಕೊಳ್ಳೋ ಒಂದು ಸಣ್ಣ ಮೆಷಿನ್ ಬರುತ್ತೆ. ನೀವು ಎಲ್ಲಿದ್ದೀರಾ ಅಂತ ನಮ್ಮ ಫೋನಿನಲ್ಲಿ ಕಾಣುತ್ತೆ" ಅಂದರು.

"ಗಂಟೆ ಕಟ್ಟಿಬಿಡಿ ಅಳಿಯಂದಿರೇ. ಹಸುವಿಗೆ ಅದೇ ಕಟ್ಟೋದು" ಅಂದೆ.

ಮನೆಗೆ ಬಂದದ್ದೇ ಮಗಳು ಮೊಳೆಯಿಂದ ಆ ಕಾರ್ಡನ್ನು ತೆಗೆದಳು. "ಇನ್ನು ಈ ಮಾತೇ ಎತ್ತಬೇಡ ಅಮ್ಮ. ಕಸ ಹಾಕೋಕೂ ಒಬ್ಬಳೇ ಇಳಿಯಬೇಡ" ಅಂದು ಒಳಗೆ ಹೋಗಿ ಕಾರ್ಡನ್ನು ಬಚ್ಚಿಟ್ಟಳು. ಬಚ್ಚಿಟ್ಟದ್ದು ಅಡುಗೆಮನೆಯಲ್ಲಿ, ರಾಗಿ ಹಿಟ್ಟಿನ ಡಬ್ಬದ ಕೆಳಗೆ. ಅಷ್ಟು ಓದಿಸಿದ್ದೇವೆ ಅವಳನ್ನು.

ಮಾರನೇ ಬೆಳಿಗ್ಗೆ ಮೂವರೂ ಹೋದ ಮೇಲೆ ಸ್ನಾನ ಮಾಡಿದೆ. ಒಂದು ಚೀಟಿ ಬರೆದು ಫ್ರಿಜ್ಜಿಗೆ ಅಂಟಿಸಿದೆ. "ನಿನ್ನೆಯ ಜಾಗಕ್ಕೇ ಹೋಗಿದ್ದೀನಿ. ಕೊನೇ ಸ್ಟಾಪು. ಮಧ್ಯಾಹ್ನಕ್ಕೆ ಬರ್ತೀನಿ. ಏನೂ ಕೀಳಲ್ಲ. ನಾನು ಬರದಿದ್ದರೆ ಅಮ್ಮಾ ಅಂತ ಕೂಗಬೇಡಿ, ಹೆಸರು ಹಿಡಿದು ಕೂಗಿ." ಕೆಳಗೆ ನನ್ನ ಹೆಸರನ್ನು ದಪ್ಪ ಅಕ್ಷರದಲ್ಲಿ ಬರೆದೆ, ಬಾಯಿ ಬರದವರು ಓದಿಯಾದರೂ ಕೂಗಲಿ ಅಂತ.

ರಾಗಿ ಡಬ್ಬ ಎತ್ತಿ, ಕಾರ್ಡು ತಗೊಂಡು, ಪಕ್ಕದ ಮನೆಯ ಅಜ್ಜಿಯ ಹಿಂದೆಯೇ ಬಸ್ ಹತ್ತಿದೆ.