ಜಿಪ್ಪಮ್ಮನ ಬೋರ್ಡು

ನಮ್ಮ ಬೀದಿಯ ಅರ್ಧಕ್ಕರ್ಧ ಅಂಗಡಿಗಳಿಗೆ ಮುಖ ಕೊಟ್ಟವಳು ಒಬ್ಬಳೇ ಹೆಂಗಸು. ಬೇಕರಿಯವನು, ಕನ್ನಡಕದವನು, ಸೈಕಲ್ ರಿಪೇರಿಯವನು, ಯಾರೇ ಹೊಸದಾಗಿ ಬಾಗಿಲು ತೆರೆದರೂ ಔಷಧಿ ಅಂಗಡಿಯ ಪಕ್ಕದ ಕಡಿದಾದ ಮೆಟ್ಟಿಲು ಹತ್ತಿ ಅವಳ ಕೋಣೆಗೆ ಹೋಗುತ್ತಿದ್ದರು. ಬೋರ್ಡಿಗೆ, ಬಿಲ್ಲಿಗೆ, ಕೈಚೀಲಕ್ಕೆ ಒಪ್ಪುವಂಥ ಒಂದು ಗುರುತು ಮಾಡಿಕೊಡುವುದು ಅವಳ ಕೆಲಸ. ಎಲ್ಲರ ಬಾಯಲ್ಲೂ ಅವಳು ಲೋಗೋ ಅಕ್ಕ.

ಅವಳ ಗಂಡ ಒಂದು ಪ್ರೆಸ್ಸಿನಲ್ಲಿ ಕರಡು ತಿದ್ದುತ್ತಿದ್ದ. ಎಲ್ಲಾದರೂ ಕೊಂಬು ತಪ್ಪಿದ್ದರೆ, ದೀರ್ಘ ಬಿಟ್ಟುಹೋಗಿದ್ದರೆ ಅವನಿಗೆ ಊಟ ಸೇರುತ್ತಿರಲಿಲ್ಲ. ಪ್ರೆಸ್ಸಿನವರು ಅವನಿಗೆ ‘ಒತ್ತಕ್ಷರ’ ಎಂದೇ ಅಡ್ಡಹೆಸರಿಟ್ಟಿದ್ದರು. ಹೆಂಡತಿಯ ಕೆಲಸವನ್ನೂ ಅವನು ಸುಮ್ಮನೆ ಬಿಡುತ್ತಿರಲಿಲ್ಲ.

“ಇದೇನೇ ಇದು? ಬೇಕರಿ ಅಂತ ಬರೆದಿದ್ದೀಯೋ, ದಾರದುಂಡೆ ಬಿಚ್ಚಿ ಚೆಲ್ಲಿದ್ದೀಯೋ?”

“ಅದು ಸ್ಟೈಲು ರೀ.”

“ಸ್ಟೈಲು ಇರಲಿ ಮಾರಾಯ್ತಿ, ಓದೋರು ಬದುಕಬೇಕಲ್ಲ!”

ಹೀಗೆ ಕಿತ್ತಾಡಿಕೊಂಡೇ ಅವರ ಸಂಸಾರ ಸುಖವಾಗಿ ನಡೆದಿತ್ತು.

ಒಂದು ಬೆಳಿಗ್ಗೆ ಅವನು ಪೇಪರು ಬಿಡಿಸಿ ಕೂತು, “ಇವತ್ತು ಇದ್ಯಾವ ಭಾಷೆ ಪೇಪರ್ ಹಾಕಿ ಹೋಗಿದ್ದಾನೆ?” ಎಂದ. ತಮಾಷೆ ಎಂದುಕೊಂಡು ಅಕ್ಕ ಅಡುಗೆಮನೆಯಿಂದಲೇ ನಕ್ಕಳು. ಅವನು ನಗಲಿಲ್ಲ. ಹೊರಗೆ ಬಂದು ನೋಡಿದರೆ ದಿನಾ ಬರುವ ಪೇಪರೇ. ಅವನ ಕೈ ಹಾಳೆಯನ್ನು ಹಿಂದೆ ಮುಂದೆ ತಿರುವುತ್ತಿತ್ತು.

ಮೆದುಳಿನಲ್ಲಿ ಸಣ್ಣದೊಂದು ರಕ್ತನಾಳ ಕಟ್ಟಿಕೊಂಡಿತ್ತು. ಮಾತು ಹೋಗಲಿಲ್ಲ, ಕೈಕಾಲು ಬೀಳಲಿಲ್ಲ, ಕಣ್ಣಿಗೂ ಏನೂ ಆಗಲಿಲ್ಲ. ಓದು ಮಾತ್ರ ಹೋಯಿತು. ವಿಚಿತ್ರವೆಂದರೆ ಬರೆಯುವುದಕ್ಕೆ ಬರುತ್ತಿತ್ತು. ಪೆನ್ನು ಕೊಟ್ಟರೆ ಮೊದಲಿನಂತೆಯೇ ದುಂಡಗೆ ಬರೆಯುತ್ತಿದ್ದ, ಬರೆದು ಮುಗಿಸಿ ನೋಡಿದರೆ ತಾನೇನು ಬರೆದೆನೆಂದು ತನಗೇ ತಿಳಿಯುತ್ತಿರಲಿಲ್ಲ. ಹೀಗೂ ಆಗುವುದುಂಟು, ಕಾಯಬೇಕು ಎಂದರು ಡಾಕ್ಟರು.

ಅವನು ಕೆಲಸ ಬಿಟ್ಟ. ಯಾರಾದರೂ ಕೇಳಿದರೆ “ಸುಸ್ತು ಕಣಪ್ಪ” ಎನ್ನುತ್ತಿದ್ದ. ಓದಲಾಗುವುದಿಲ್ಲ ಎಂಬುದನ್ನು ಹೆಂಡತಿಗೆ ಬಿಟ್ಟರೆ ಇನ್ಯಾರಿಗೂ ಬಾಯಿ ಬಿಟ್ಟು ಹೇಳಲಿಲ್ಲ. ನೆರೆಯವರ ಕಣ್ಣಿಗೆ ಬೀಳುವಂತೆ ಕಿಟಕಿಯ ಬಳಿ ಪೇಪರು ಹಿಡಿದು ಕೂರುತ್ತಿದ್ದ.

ಅಷ್ಟರಲ್ಲಿ ಕ್ಷೌರದವನು ತನ್ನ ಅಂಗಡಿಯನ್ನು ಬೀದಿ ತುದಿಯ ಹೊಸ ಕಟ್ಟಡಕ್ಕೆ ಸಾಗಿಸಿದ. ಪಕ್ಕದಲ್ಲೇ ಹೆಂಗಸರ ಬ್ಯೂಟಿ ಪಾರ್ಲರ್. ಎರಡಕ್ಕೂ ಮಬ್ಬು ಗಾಜಿನ ಬಾಗಿಲು, ಎರಡರ ಬೋರ್ಡೂ ಲೋಗೋ ಅಕ್ಕನದೇ. ಕಂದು ಬಣ್ಣದ ತೆಳ್ಳನೆಯ ಅಕ್ಷರಗಳು ಆಗ ಫ್ಯಾಷನ್. ಕೂದಲು ಕತ್ತರಿಸಿಕೊಳ್ಳಲು ಹೊರಟ ಗಂಡ ಒಂದು ಬಾಗಿಲು ತಳ್ಳಿ ಒಳಗೆ ಹೋದ. ಒಳಗಿನಿಂದ ಚೀರಾಟ ಕೇಳಿತು. ಬೆವರಿಕೊಂಡು ಮನೆಗೆ ಬಂದವನು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟ.

“ಏನಾಯ್ತು ರೀ?”

“ಏನಿಲ್ಲ. ಇನ್ನು ಮೇಲೆ ಕೂದಲು ನೀನೇ ಕತ್ತರಿಸು.”

ಬಿಡಿಸಿ ಬಿಡಿಸಿ ಕೇಳಿದ ಮೇಲೆ ವಿಷಯ ಹೊರಬಂತು. ಅಕ್ಕ ಚಪ್ಪಲಿ ಮೆಟ್ಟಿ ಹೋಗಿ ಆ ಎರಡು ಬಾಗಿಲುಗಳ ಎದುರು ನಿಂತಳು. ಅಕ್ಷರ ಮಸುಕಾಗುವಷ್ಟು ಕಣ್ಣು ಕಿರಿದು ಮಾಡಿ ನೋಡಿದಳು. ಅವಳಿ ಮಕ್ಕಳಿಗೆ ಒಂದೇ ಅಂಗಿ ತೊಡಿಸಿದ ಹಾಗಿತ್ತು. ತಾನು ಇಷ್ಟು ಪ್ರೀತಿಯಿಂದ ಮಾಡಿದ ಕೆಲಸ ತನ್ನ ಗಂಡನಿಗೇ ದಾರಿ ತೋರಲಿಲ್ಲವಲ್ಲ ಎಂದುಕೊಂಡು ಕ್ಷೌರದಂಗಡಿಯ ಬಾಗಿಲು ತಳ್ಳಿದಳು.

“ಈ ಬೋರ್ಡು ಬದಲಾಯಿಸಿ ಕೊಡ್ತೀನಿ,” ಎಂದಳು ಕ್ಷೌರದವನಿಗೆ.

“ಚೆನ್ನಾಗೇ ಇದೆಯಲ್ಲಕ್ಕಾ! ಯಾರಾದರೂ ಏನಾದರೂ ಅಂದರಾ?”

“ನನಗೇ ಹಿಡಿಸಲಿಲ್ಲ ಕಣೋ.”

ಮನೆಗೆ ಬಂದು ಕತ್ತರಿ, ಬಾಚಣಿಗೆ ಇರುವ ಚಿತ್ರವೊಂದನ್ನು ಗೀಚಿ ಗಂಡನ ಮುಂದೆ ಹಿಡಿದಳು. “ಇದೇನು ಹೇಳಿ?”

ಅವನು ಬಹಳ ಹೊತ್ತು ನೋಡಿದ. “ಕಪ್ಪೆ. ಕಾಲು ಚಾಚಿ ಸತ್ತುಬಿದ್ದಿದೆ.”

ಕಾಯಿಲೆ ಬಿದ್ದ ಮೇಲೆ ಅವನು ಅವಳನ್ನು ಗೇಲಿ ಮಾಡಿದ್ದು ಅದೇ ಮೊದಲು. ಅಕ್ಕನಿಗೆ ನಗುವೂ ಅಳುವೂ ಒಟ್ಟೊಟ್ಟಿಗೆ ಬಂತು. ಅಂದಿನಿಂದ ಅವಳ ಯಾವ ಕೆಲಸವೂ ಅವನ ಒಪ್ಪಿಗೆಯಿಲ್ಲದೆ ಮೆಟ್ಟಿಲು ಇಳಿಯಲಿಲ್ಲ. ಕೋಣೆಯ ಮೂಲೆಯಲ್ಲಿ ಅವನಿಗೊಂದು ಕುರ್ಚಿ ಬಂತು.

ಆ ದಿನಗಳಲ್ಲೇ ಬಂದವಳು ಜಿಪ್ಪಮ್ಮ. ಬಸ್ ನಿಲ್ದಾಣದ ಎದುರಿನ ಫುಟ್‌ಪಾತಿನಲ್ಲಿ ಕೂತು ಬ್ಯಾಗು, ಜಿಪ್ಪು ರಿಪೇರಿ ಮಾಡುತ್ತಿದ್ದವಳು. ಕೂತು ಕೂತು ಬಿಸಿಲಲ್ಲಿ ಬೆಂದ ಮೇಲೆ ಕೊನೆಗೂ ಒಂದು ಪುಟ್ಟ ಮಳಿಗೆ ಸಿಕ್ಕಿತ್ತು. ಅಕ್ಕ ಕೆಲವು ಹಾಳೆಗಳನ್ನು ಮೇಜಿನ ಮೇಲೆ ಹರಡಿದಳು. ಒಂದೊಂದರಲ್ಲೂ ಒಂದೊಂದು ಬಗೆಯ ಅಕ್ಷರ. ಜಿಪ್ಪಮ್ಮ ಪ್ರತಿ ಹಾಳೆಯನ್ನೂ ಎತ್ತಿ ನೋಡಿದಳು. ಆಮೇಲೆ ಅಕ್ಕನ ಮುಖ ನೋಡಿದಳು.

“ನೀವೇ ಹೇಳಿ ಅಕ್ಕಾ, ಯಾವುದು ಚೆನ್ನಾಗಿದೆ?”

“ನಿಮ್ಮ ಅಂಗಡಿ. ನಿಮಗೆ ಯಾವುದು ಇಷ್ಟ ಹೇಳಿ.”

ಜಿಪ್ಪಮ್ಮ ಮತ್ತೆ ಹಾಳೆಗಳನ್ನು ನೋಡಿದಳು, ಮತ್ತೆ ಅಕ್ಕನ ಮುಖ ನೋಡಿದಳು. ಹಾಳೆಯಿಂದ ಮುಖಕ್ಕೆ ಜಾರುವ ಆ ನೋಟ ಮೂಲೆಯ ಕುರ್ಚಿಯಲ್ಲಿದ್ದವನಿಗೆ ಚೆನ್ನಾಗಿ ಗೊತ್ತಿತ್ತು. ಅವನೂ ದಿನಾ ಅದನ್ನೇ ಮಾಡುತ್ತಿದ್ದ.

“ತಾಯಿ, ನನಗೂ ಓದೋಕೆ ಬರಲ್ಲ,” ಎಂದ.

ಅಕ್ಕನ ಕೈಲಿದ್ದ ಹಾಳೆ ಹಾಗೇ ನಿಂತಿತು. ಜಿಪ್ಪಮ್ಮನ ಮುಖ ಕೆಂಪಾಯಿತು. “ಪ್ರೆಸ್ಸಿನಲ್ಲಿದ್ದೋರು ನೀವು. ನನ್ನನ್ನ ಯಾಕೆ ಆಡಿಕೋತೀರ ಸಾರ್?”

“ಆಡಿಕೊಳ್ತಿಲ್ಲಮ್ಮ, ಆಣೆ.” ಅವನು ಎಲ್ಲವನ್ನೂ ಹೇಳಿದ. ಪೇಪರು ಹಿಡಿದು ಕೂರುವ ನಾಟಕವನ್ನೂ ಪಾರ್ಲರಿನ ಪ್ರಸಂಗವನ್ನೂ ಹೇಳಿದ. ಜಿಪ್ಪಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಅವನು ಪೆನ್ಸಿಲ್ ಎತ್ತಿಕೊಂಡ. “ನಿಮ್ಮ ಹೆಸರು ಹೇಳಿ. ಜಿಪ್ಪಮ್ಮ ಅಲ್ಲ, ನಿಜವಾದ ಹೆಸರು.”

ಅವಳು ಮೆಲ್ಲಗೆ ಹೇಳಿದಳು. ಅವನು ಸರಸರನೆ ಬರೆದ.

“ನೋಡಿ, ಬರೆದೆ. ಏನು ಬರೆದೆ ಅಂತ ಈಗ ನನಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಇಲ್ಲಿ ಓದು ಬಲ್ಲೋಳು ಇವಳೊಬ್ಬಳೇ. ಇವಳು ಹೇಳಿದ್ದನ್ನ ನಂಬಬೇಕು.”

ಅಕ್ಕ ಬಗ್ಗಿ ನೋಡಿ ಗಂಭೀರವಾಗಿ, “ಕತ್ತೆ ಅಂತ ಬರೆದಿದ್ದೀರ,” ಎಂದಳು.

ಮೂವರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಗು ನಿಂತ ಮೇಲೆ ಜಿಪ್ಪಮ್ಮ ಆ ಹಾಳೆಯನ್ನು ಹತ್ತಿರಕ್ಕೆ ಎಳೆದುಕೊಂಡಳು.

“ನನ್ನ ಹೆಸರು ಇಷ್ಟು ಉದ್ದ ಇದೆಯಾ?”

“ಹೂಂ, ಇಷ್ಟೂ ನಿಮ್ಮದೇ,” ಎಂದಳು ಅಕ್ಕ.

“ಹಾಗಾದರೆ ಇದೇ ಇರಲಿ. ಇವರು ಬರೆದ ಹಾಗೇ.”

“ಆದರೆ ಎಲ್ಲರಿಗೂ ನೀವು ಜಿಪ್ಪಮ್ಮ ಅಂತಲೇ ಗೊತ್ತಲ್ವಾ?”

“ಹಾಗೇ ಕರೀಲಿ ಅಕ್ಕಾ, ಓ ಅಂತೀನಿ. ಬಾಗಿಲ ಮೇಲೆ ಮಾತ್ರ ನನ್ನ ಹೆಸರಿರಲಿ.”

ಅವನ ಕೈಬರಹವನ್ನೇ ದೊಡ್ಡದು ಮಾಡಿ, ಅದರ ಕೆಳಗೆ ಅರ್ಧ ತೆರೆದ ಜಿಪ್ಪೊಂದನ್ನು ಅಕ್ಕ ಬಿಡಿಸಿದಳು. ಮೊದಲ ಸಲ ಅದನ್ನು ನೋಡಿದ ಗಂಡ “ರೈಲು ಹಳಿ” ಎಂದ. ಅಳಿಸಿ ತಿದ್ದಿ ತೋರಿಸಿದರೆ “ಈಗ ರೈಲೂ ಬಂತು” ಎಂದ. ಅವನು “ಜಿಪ್ಪು” ಎನ್ನುವ ಹೊತ್ತಿಗೆ ಅಕ್ಕನಿಗೆ ಸಾಕುಸಾಕಾಗಿತ್ತು.

ಬೋರ್ಡು ಏರಿಸುವ ದಿನ ಅದನ್ನು ಮಳಿಗೆಯ ಗೋಡೆಗೆ ಒರಗಿಸಿದ್ದರು. ಮರದಲ್ಲಿ ಕತ್ತರಿಸಿ ಅಂಟಿಸಿದ ಉಬ್ಬು ಅಕ್ಷರಗಳು. ಗಂಡ ಧೂಳು ಒರೆಸಲೆಂದು ಬಗ್ಗಿ ಮೊದಲ ಅಕ್ಷರದ ಮೇಲೆ ಬೆರಳಾಡಿಸಿದ. ಬೆರಳು ತಲೆಕಟ್ಟಿನಿಂದ ಇಳಿದು, ಸುತ್ತಿ, ಮೇಲೆದ್ದಿತು. ಅವನು ತಟಕ್ಕನೆ ನಿಂತ. ಮತ್ತೊಮ್ಮೆ ಬೆರಳಾಡಿಸಿದ. ಕಣ್ಣಿಗೆ ಹೊಳೆಯದ್ದು ಕೈಗೆ ಹೊಳೆದಿತ್ತು. ಆ ಅಕ್ಷರವನ್ನು ಗಟ್ಟಿಯಾಗಿ ಉಚ್ಚರಿಸಿದ. ಮುಂದಿನದನ್ನು ಮುಟ್ಟಿದ, ಅದನ್ನೂ ಹೇಳಿದ. ಸಂಶಯವಾಗಿ ಕಣ್ಣು ಮುಚ್ಚಿಕೊಂಡು ಕೊನೆಯ ಒತ್ತಿನವರೆಗೂ ಹೋದ. ಹೆಸರು ಪೂರ್ತಿಯಾಯಿತು.

ಅಕ್ಕ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಳು.

“ಅಣ್ಣಾ, ಇನ್ನೊಂದ್ಸಲ,” ಎಂದಳು ಜಿಪ್ಪಮ್ಮ. “ನಿಧಾನಕ್ಕೆ.”

ಅವನ ಬೆರಳ ಹಿಂದೆಯೇ ಸೂಜಿ ಚುಚ್ಚಿ ಒರಟಾದ ಅವಳ ಬೆರಳೂ ಹೊರಟಿತು.

“ಅಕ್ಕಾ, ಬೋರ್ಡ್ ಕೊಡ್ತೀರಾ, ನಾನು ಇಳಿದುಬಿಡ್ಲಾ?” ಎಂದು ಏಣಿಯ ಮೇಲಿದ್ದ ಬಡಗಿ ಕೂಗಿದ.

“ಇಳಿಯಪ್ಪಾ. ಟೀ ಕುಡಿದು ಬಾ.”

ಅಕ್ಕನ ಗಂಡ ಪ್ರೆಸ್ಸಿಗೆ ಮರಳಲಿಲ್ಲ. ಇವತ್ತಿಗೂ ಪೇಪರಿನ ಒಂದು ತಲೆಬರಹ ಓದಿ ಮುಗಿಸುವಷ್ಟರಲ್ಲಿ ಅವನ ಕಾಫಿ ಆರಿಹೋಗುತ್ತದೆ. ಆದರೆ ಈಗ ಯಾರ ಎದುರಾದರೂ ಬೆರಳಿಟ್ಟುಕೊಂಡೇ ಓದುತ್ತಾನೆ. ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಜಿಪ್ಪಮ್ಮ ಮೆಟ್ಟಿಲು ಹತ್ತಿ ಬರುತ್ತಾಳೆ. ಅಣ್ಣ ತಂಗಿಯರಂತೆ ಇಬ್ಬರೂ ಮೇಜಿಗೆ ತಲೆ ಬಗ್ಗಿಸಿ ಕೂತು ಬೆರಳಲ್ಲಿ ಅಕ್ಷರ ತೀಡುತ್ತಾರೆ. ಅವಳು ಕೊಂಬು ಮರೆತರೆ ಅವನು ಹಳೆಯ ಒತ್ತಕ್ಷರನಂತೆ ರೇಗುತ್ತಾನೆ, ಅವನು ತಡವರಿಸಿದರೆ ಅವಳು ರೇಗುತ್ತಾಳೆ. ಕಂಪ್ಯೂಟರಿನ ಮುಂದೆ ಕೂತ ಲೋಗೋ ಅಕ್ಕ ನಡುವೆ ಏನಾದರೂ ಹೇಳಹೋದರೆ ಇಬ್ಬರೂ ಒಟ್ಟಿಗೆ ಅವಳ ಬಾಯಿ ಮುಚ್ಚಿಸುತ್ತಾರೆ.